ಅಪ್ಪನ ಅಂಗೈ

ತೊಂಡೇಬಾವಿಯಿಂದ ದೊಡ್ಡಬಳ್ಳಾಪುರದ ಕಡೆಗೆ ರಾತ್ರಿ ಹೊತ್ತು ಅಪ್ಪನ ಟೆಂಪೋದಲ್ಲಿ ಎಷ್ಟು ಸಲ ಹೋಗಿದ್ದೀನೋ ಲೆಕ್ಕವಿಲ್ಲ. ಹಿಂದೆ ಮುಸುಕಿನ ಜೋಳದ ಮೂಟೆಗಳು, ಮುಂದೆ ನಾವಿಬ್ಬರು. ಎದುರಿಂದ ಲಾರಿ ಬಂದರೆ ಅಪ್ಪ ಎಡಗೈ ಎತ್ತಿ, ಹೆಡ್‌ಲೈಟನ್ನು ಅಂಗೈಯಲ್ಲಿ ಮರೆಮಾಡಿ ರಸ್ತೆಯ ಅಂಚು ನೋಡ್ತಿದ್ರು. ಕಳೆದ ದಸರಾ ರಜೆಯಲ್ಲಿ ಆ ಕೈ ಕೆಳಗಿಳಿಯಲೇ ಇಲ್ಲ. ಬೈಕಿಗೂ ಕೈ ಎತ್ತುತ್ತಿದ್ದರು. "ಈಗಿನೋರೆಲ್ಲ ಎಲ್‌ಇಡಿ ಹಾಕಿಸ್ಕೊಂಡು ಸಾಯಿಸ್ತಾರೆ ಕಣೋ" ಅಂದ್ರು. ನಾನೂ ಹೂಂ ಅಂದು ಮೊಬೈಲ್ ನೋಡ್ತಾ ಕೂತೆ.

ಆಗ ನನ್ನ ತಲೆ ತುಂಬ ಫೈನಲ್ ಇಯರ್ ಪ್ರಾಜೆಕ್ಟ್. ಬೇರೆ ನಕ್ಷತ್ರದ ಗ್ರಹವನ್ನು ನೇರವಾಗಿ ಫೋಟೋ ಹಿಡಿಯೋ ಕರೋನಾಗ್ರಾಫ್‌ನ ಪುಟ್ಟ ಮಾದರಿ. 2008ರಲ್ಲಿ ಎಚ್‌ಆರ್ 8799 ನಕ್ಷತ್ರದ ಸುತ್ತಲ ಮೂರು ಗ್ರಹಗಳ ಚಿತ್ರ ಸಿಕ್ಕಿತಲ್ಲ, ಅವು ಇನ್ನೂ ಬಿಸಿಯಾಗಿರೋ ದೈತ್ಯ ಗ್ರಹಗಳು, ಇನ್‌ಫ್ರಾರೆಡ್‌ನಲ್ಲಿ ತಾವೇ ಹೊಳೆಯುತ್ತವೆ. ನಮ್ಮ ಭೂಮಿಯಂಥದ್ದು ಕಣ್ಣಿಗೆ ಕಾಣೋ ಬೆಳಕಿನಲ್ಲಿ ತನ್ನ ಸೂರ್ಯನಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಮಂಕು. 1930ರ ಸುಮಾರಿಗೆ ಫ್ರಾನ್ಸಿನ ಬರ್ನಾರ್ ಲಿಯೋ ಗ್ರಹಣವಿಲ್ಲದೆ ಸೂರ್ಯನ ಕರೋನಾ ನೋಡೋಕೆ ಮಾಡಿದ ಉಪಾಯವೇ ಇದಕ್ಕೂ ಬುನಾದಿ. ಲೆನ್ಸಿನ ಫೋಕಸ್‌ನಲ್ಲಿ ಒಂದು ಕಪ್ಪು ಚುಕ್ಕೆ ಇಟ್ಟು ನಡುವಿನ ಬೆಳಕು ತಡೀಬೇಕು. ಅಂಚಿನಿಂದ ಬಾಗಿ ಬಂದ ಬೆಳಕು ಮುಂದೆ ಉಂಗುರದಂತೆ ಕೂಡುತ್ತೆ, ಅದನ್ನು ಇನ್ನೊಂದು ಕಿಂಡಿಯಿಂದ ಕತ್ತರಿಸಬೇಕು.

ನಮ್ಮ ಲೇಸರ್ 'ನಕ್ಷತ್ರ'. ಪಕ್ಕದ ಮಂಕು ಎಲ್‌ಇಡಿ 'ಗ್ರಹ'. ಚುಕ್ಕೆ ಇಟ್ಟೆವು, ಕಿಂಡಿ ಇಟ್ಟೆವು. ಮೂರು ವಾರವಾದರೂ ಪರದೆ ಮೇಲೆ ಬರೀ ಮಂಜು. ಚುಕ್ಕೆ ಸರಿಯಿಲ್ಲ ಅಂತ ಹನ್ನೊಂದು ಚುಕ್ಕೆ ಮಾಡಿದೆ. ಕೊನೆಗೆ ಗೈಡ್ ಬಂದು ಪಕ್ಕದಿಂದ ಟಾರ್ಚ್ ಬಿಟ್ಟು ತೋರಿಸಿದ್ರು: ಮೊದಲ ಲೆನ್ಸ್ ಮೇಲೆ ಗೀರು, ಧೂಳು. ಅಲ್ಲೇ ಚೆದುರಿದ ಬೆಳಕು ಚುಕ್ಕೆಯ ಪಕ್ಕದಿಂದ ನುಸುಳಿಬಿಡುತ್ತೆ, ಹಿಂದೆ ಏನಿಟ್ಟರೂ ಪ್ರಯೋಜನವಿಲ್ಲ. ಲಿಯೋ ಗೀರು, ಗುಳ್ಳೆ ಇಲ್ಲದ ಗಾಜಿಗಾಗಿ ಒದ್ದಾಡಿದ್ದು ಇದಕ್ಕೇ. 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ಜೊತೆ ಹೋದ ವೆಲ್ಕ್ ಕೂಡ ಕರೋನಾಗ್ರಾಫೇ, ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಕಟ್ಟಿದ್ದು. ಅದರ ಎರಡನೇ ಕನ್ನಡಿಯ ನಡುವೆ ತೂತು. ಸೂರ್ಯಬಿಂಬದ ಬೆಳಕು ಅದರೊಳಗೆ ಇಳಿದು ಆಚೆ ಹೋಗುತ್ತೆ. ಆದರೆ ಮೊದಲ ಕನ್ನಡಿ ಅತಿ ನುಣುಪಾಗಿರದಿದ್ದರೆ ಆ ತೂತು ದಂಡ. (ನಮ್ಮ ಗೌರಿಬಿದನೂರಿನ ರೇಡಿಯೋ ಆಂಟೆನಾಗಳಿಗೆ ಈ ಗೋಳಿಲ್ಲ. ಅವು ಹಿಡಿಯೋ ಅಲೆಗಳು ಬರೋದೇ ಕರೋನಾದಿಂದ.)

ಆ ಟಾರ್ಚ್ ಬೆಳಕಲ್ಲಿ ಬೆಳ್ಳಗಾದ ಲೆನ್ಸ್ ನೋಡ್ತಾ ನಿಂತಿದ್ದಾಗ ಅಪ್ಪನ ಕೈ ನೆನಪಾಯ್ತು. ಅವರದು ಕಣ್ಣಿನ ಹೊರಗೇ ತಡೆಯೋ ಉಪಾಯ. ಲೆನ್ಸ್ ಕೆಟ್ಟಿದ್ದರೂ ಅದು ಕೆಲಸ ಮಾಡುತ್ತೆ. ಅದಕ್ಕೇ ಬೈಕಿಗೂ ಬೇಕಾಗಿತ್ತು.

ಕಾರಿಡಾರ್‌ಗೆ ಬಂದು ಫೋನ್ ಮಾಡಿದೆ. "ಅಪ್ಪ, ಲೈಟ್ ಸುತ್ತ ಮಂಜು ಥರ ಕಾಣುತ್ತಾ?"

ಸ್ವಲ್ಪ ಹೊತ್ತು ಮಾತಿಲ್ಲ. "ನಿಮ್ಮಮ್ಮಂಗೆ ಹೇಳ್ಬೇಡ. ಒಂದು ವರ್ಷದಿಂದ. ನಿನ್ನ ಫೀಸ್ ಮುಗೀಲಿ ಅಂತಿದ್ದೆ."

ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನ ಆಪರೇಷನ್ ಆಯ್ತು, ಎಡಗಣ್ಣಿಗೆ ಮುಂದಿನ ತಿಂಗಳು ತಾರೀಖು. ಅಲ್ಲೀವರೆಗೆ ರಾತ್ರಿ ಬಾಡಿಗೆ ಬೇಡ ಅಂತ ಟೆಂಪೋ ಕೀ ಹಾಸ್ಟೆಲ್‌ಗೆ ತಂದುಬಿಟ್ಟಿದ್ದೀನಿ. ಅಪ್ಪ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ. ಇನ್ನೊಂದು ಕೀ ಎಲ್ಲಿಟ್ಟಿದ್ದಾರೋ ಅಮ್ಮ ಹುಡುಕ್ತಿದ್ದಾರೆ.