ಗೌರಿಬಿದನೂರಿನ ಬಯಲಿಗೆ ಸಿಕ್ಕ ಪರಮಾಣು

ಹಿಂದೂಪುರ

ಪ್ರೀತಿಯ ಅಕ್ಕನವರಿಗೆ,

ಕಲ್ಯಾಣದುರ್ಗದಿಂದ ನೀವು ಬರೆದ ಕಾಗದ ತಲುಪಿತು. ಒಂಬತ್ತನೇ ಕ್ಲಾಸಿನ ಮಗಳು ವಿಜ್ಞಾನದ ಪುಸ್ತಕ ಮಡಚಿಟ್ಟು, "ಥಾಮ್ಸನ್ ತಪ್ಪು, ರುದರ್‌ಫರ್ಡ್ ತಪ್ಪು, ಬೋರ್ ಕೂಡ ಪೂರ್ತಿ ಸರಿಯಲ್ಲ. ಮತ್ತೆ ಯಾಕಮ್ಮ ಇದನ್ನೆಲ್ಲ ಓದಬೇಕು?" ಅಂದಳಲ್ಲ, ಆ ಮಾತು ಎರಡು ದಿನದಿಂದ ನನ್ನ ತಲೆಯಲ್ಲೇ ಇದೆ. ಎಷ್ಟು ಒಳ್ಳೆಯ ಪ್ರಶ್ನೆ! ಅವಳನ್ನು ಬೈಯಬೇಡಿ.

ಡಾಲ್ಟನ್ 1808ರಲ್ಲಿ ಪರಮಾಣುವನ್ನು ಒಡೆಯಲಾಗದ ಕಣ ಎಂದುಕೊಂಡಿದ್ದರು. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ಮೇಲೆ ಅದಕ್ಕೊಂದು ಒಳಮನೆ ಇದೆ ಎಂದಾಯಿತು. ಅವರು 1904ರಲ್ಲಿ ಕೊಟ್ಟ ಚಿತ್ರವನ್ನು ಪುಸ್ತಕಗಳು ಪುಡಿಂಗಿಗೆ ಹೋಲಿಸುತ್ತವೆ. ನಮ್ಮ ಮಕ್ಕಳು ಆ ಪುಡಿಂಗನ್ನು ಎಲ್ಲಿ ಕಂಡಿದ್ದಾರೆ? ನಿಮ್ಮೂರ ಕಡಲೆಬೀಜಕ್ಕೆ ನಮ್ಮೂರ ಬೆಲ್ಲ ಸೇರಿಸಿ ಉಂಡೆ ಕಟ್ಟಿ ಅವಳ ಕೈಗಿಡಿ. ಪಾಕವೆಲ್ಲ ಧನ ವಿದ್ಯುತ್ತು, ಅದರಲ್ಲಿ ಅಲ್ಲಲ್ಲಿ ಅಂಟಿಕೊಂಡ ಬೀಜಗಳು ಎಲೆಕ್ಟ್ರಾನು.

ಆ ಉಂಡೆ ಉಳಿಯಲಿಲ್ಲ. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಗರ್, ಮಾರ್ಸ್‌ಡೆನ್ ಇಬ್ಬರೂ ತೆಳು ಲೋಹದ ಹಾಳೆಗೆ ಆಲ್ಫಾ ಕಣಗಳನ್ನು ಹೊಡೆದರು. ಬಹುಪಾಲು ಕಣಗಳು ಆಚೆ ದಾಟಿದವು. ಸಾವಿರಾರರಲ್ಲಿ ಒಂದು ಮಾತ್ರ ಹಿಂದಕ್ಕೆ ಚಿಮ್ಮಿತು. ಆ ಒಂದನ್ನು ನಿರ್ಲಕ್ಷಿಸದೆ ಕೂತು ಯೋಚಿಸಿದವರು ರುದರ್‌ಫರ್ಡ್. 1911ರಲ್ಲಿ ಅವರು ಭಾರವೆಲ್ಲ ನಡುವಿನ ಚಿಕ್ಕದೊಂದು ಬೀಜದಲ್ಲಿ, ಅಂದರೆ ನ್ಯೂಕ್ಲಿಯಸ್ಸಿನಲ್ಲಿ, ಇದೆ ಎಂದರು. ಚಿನ್ನದ ಪರಮಾಣುವಿನ ಬೀಜ ನಿಮ್ಮ ಕಡಲೆಬೀಜದಷ್ಟಿದ್ದರೆ ಪರಮಾಣು ಸುಮಾರು 200 ಮೀಟರ್ ಅಗಲದ ಬಯಲಾಗುತ್ತದೆ.

ಆದರೆ ಆ ಬೀಜವನ್ನು ಸುತ್ತುವ ಎಲೆಕ್ಟ್ರಾನು ಬೆಳಕು ಸೂಸುತ್ತ, ಶಕ್ತಿ ಕಳೆದುಕೊಂಡು, ಕಣ್ಣು ಮಿಟುಕಿಸುವುದರೊಳಗೆ ಬೀಜಕ್ಕೆ ಬಿದ್ದುಬಿಡಬೇಕಿತ್ತು. ಬೀಳುತ್ತಿಲ್ಲವಲ್ಲ! 1913ರಲ್ಲಿ ಬೋರ್ ಅದಕ್ಕೆ ಮೆಟ್ಟಿಲುಗಳನ್ನು ಕೊಟ್ಟರು. ಎಲೆಕ್ಟ್ರಾನು ಗೊತ್ತಾದ ಕಕ್ಷೆಗಳಲ್ಲೇ ಇರುತ್ತದೆ, ಮೆಟ್ಟಿಲು ಹತ್ತಿಳಿಯುವಾಗ ಮಾತ್ರ ಬೆಳಕನ್ನು ಪಡೆಯುತ್ತದೆ, ಬಿಡುತ್ತದೆ. ಹೈಡ್ರೊಜನ್ನಿನ ಲೆಕ್ಕ ತಾಳೆಯಾಯಿತು; ಎರಡೇ ಎಲೆಕ್ಟ್ರಾನಿನ ಹೀಲಿಯಮ್ಮಿಗೆ ಬಂದಾಗ ಎಡವಿತು. 1926ರಲ್ಲಿ ಶ್ರೋಡಿಂಗರ್ ತಂದ ಅಲೆಯ ಸಮೀಕರಣದಲ್ಲಿ ಕಕ್ಷೆಗಳಿಗೆ ಜಾಗವೇ ಇರಲಿಲ್ಲ.

ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಮಕ್ಕಳ ಮನಸ್ಸಿನಲ್ಲಿ ಬೋರ್ ಸೋತವರಾಗಿಯೇ ಉಳಿಯುತ್ತಾರೆ. ನನಗೆ ಬೇಸರ ತರುವುದು ಅದೇ. ಅವರ ಲೆಕ್ಕ ಕೂಡಿಬಂದ ಕಥೆಯೊಂದು ನಮ್ಮ ಪಕ್ಕದಲ್ಲೇ ಇದೆ.

ನಮ್ಮೂರಿಂದ ಸುಮಾರು 25 ಕಿಲೋಮೀಟರ್ ದಕ್ಷಿಣಕ್ಕೆ, ಗಡಿ ದಾಟಿದರೆ ಗೌರಿಬಿದನೂರು. ಅಲ್ಲಿಯ ರೇಡಿಯೊ ವೀಕ್ಷಣಾಲಯ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ್ದು. ಅಲ್ಲಿ ಬಟ್ಟಲಿನಾಕಾರದ ದೊಡ್ಡ ಆಂಟೆನಾ ಹುಡುಕಬೇಡಿ. 1000 ಆಂಟೆನಾಗಳು 'ಟಿ' ಅಕ್ಷರದ ಆಕಾರದಲ್ಲಿ, ಪೂರ್ವಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್ ಉದ್ದಕ್ಕೆ ಸಾಲುಗಟ್ಟಿದ್ದವು. ಅವುಗಳಿಂದ ನಿಮಿಷಾ ಕಾಂಥರಿಯಾ ಮತ್ತು ಕೆ. ಆರ್. ಅನಂತರಾಮಯ್ಯ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಗಂಗೆಯ 32 ದಿಕ್ಕುಗಳನ್ನು ಹುಡುಕಿದರು. 9 ಕಡೆ ಇಂಗಾಲದ ಗುರುತು ಸಿಕ್ಕಿತು. 2001ರಲ್ಲಿ ಅದು ಪ್ರಕಟವಾಯಿತು.

ಎಂಥ ಇಂಗಾಲ ಗೊತ್ತೇ ಅಕ್ಕಾ? ಅದರ ಹೊರಗಿನ ಎಲೆಕ್ಟ್ರಾನು ನಿಂತಿರುವುದು ಸುಮಾರು 575ನೇ ಮೆಟ್ಟಿಲಿನಲ್ಲಿ! ಆ ಒಂದು ಪರಮಾಣುವಿನ ಅಗಲ ನಮ್ಮ ತಲೆಗೂದಲಿನ ದಪ್ಪದ ಅರ್ಧದಷ್ಟು, ಅಂದರೆ ಸಾಮಾನ್ಯ ಇಂಗಾಲದ ಎರಡು ಲಕ್ಷ ಪಟ್ಟಿಗೂ ಹೆಚ್ಚು. ಭೂಮಿಯ ಮೇಲಿನ ಗಾಳಿಯಲ್ಲಿ ಅದು ಅಕ್ಕಪಕ್ಕದ ಪರಮಾಣುಗಳ ನೂಕಾಟಕ್ಕೆ ಉಳಿಯಲಾರದು. ನಕ್ಷತ್ರಗಳ ನಡುವಿನ ತೀರ ವಿರಳ ಅನಿಲದಲ್ಲಿ ಬದುಕುತ್ತದೆ. ಅಷ್ಟು ದೂರದ ಎಲೆಕ್ಟ್ರಾನಿಗೆ ಬೀಜವೂ ಒಳಗಿನ ಐದು ಎಲೆಕ್ಟ್ರಾನುಗಳೂ ಒಟ್ಟಾಗಿ ಒಂದೇ ಧನ ವಿದ್ಯುತ್ತಿನ ಚುಕ್ಕಿಯಂತೆ ಕಾಣುತ್ತವೆ. ಹಾಗಾಗಿ ಇಂಗಾಲವೂ ಹೈಡ್ರೊಜನ್ನಿನಂತೆ ನಡೆದುಕೊಳ್ಳುತ್ತದೆ, ಬೋರ್ ಅವರ 1913ರ ಲೆಕ್ಕ ಅಲ್ಲಿ ಚೆನ್ನಾಗಿ ಕೂಡುತ್ತದೆ. ಹೀಲಿಯಮ್ಮಿನಲ್ಲಿ ಎಡವಿದ ಲೆಕ್ಕವೇ ಇದು.

ಹಾಗಾಗಿ ಮಗಳ ಪುಸ್ತಕದ ಆ ಪುಟವನ್ನು ಹೊಡೆದುಹಾಕಿಸಬೇಡಿ. ಅವಳಿಗೆ ಒಂದು ಕೆಲಸ ಕೊಡಿ: 575ನ್ನು 575ರಿಂದ ಗುಣಿಸಿ, ಬಂದದ್ದನ್ನು 0.053 ನ್ಯಾನೊಮೀಟರಿನಿಂದ ಗುಣಿಸಲಿ. ಅದು ಆ ಪರಮಾಣುವಿನ ತ್ರಿಜ್ಯ. ಉತ್ತರವನ್ನು ಅವಳ ಕೈಬರಹದಲ್ಲೇ ನನಗೆ ಬರೆದು ಕಳಿಸಲಿ, ಕಾಯುತ್ತಿರುತ್ತೇನೆ.