ಕೂಡಿಬಂದ ಗ್ರಹಗಳು

ಗ್ರಹಗಳ ವಿಷಯದಲ್ಲಿ ಸಾಮಾನ್ಯ ಸಂಸಾರಸ್ಥರಿಗೆ ಇರುವ ಪರಿಚಯ ವಿಚಿತ್ರವಾದದ್ದು. ಶನಿ ಈಗ ಯಾವ ಮನೆಯಲ್ಲಿದ್ದಾನೆ, ಗುರುಬಲ ಎಂದು ಬರುತ್ತದೆ, ಕುಜ ಯಾರ ಜಾತಕದಲ್ಲಿ ಎಲ್ಲಿ ಕುಳಿತು ಕಾಡುತ್ತಿದ್ದಾನೆ ಎಂಬುದನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲವರು ಬೀದಿಗೆ ಇಬ್ಬರಾದರೂ ಸಿಗುತ್ತಾರೆ. ಆದರೆ ಅವರನ್ನು ಅಂಗಳಕ್ಕೆ ಕರೆದು, "ಆ ಶನಿ ಯಾವುದು, ಸ್ವಲ್ಪ ತೋರಿಸಿ ನೋಡೋಣ" ಎಂದರೆ, ಆಕಾಶವನ್ನು ಅಂದೇ ಮೊದಲ ಬಾರಿಗೆ ಕಂಡವರಂತೆ ಕತ್ತೆತ್ತಿ ನಿಂತುಬಿಡುತ್ತಾರೆ. ದಿನಬೆಳಗಾದರೆ ಹೆಸರು ಹಿಡಿದು ಶಪಿಸುವ ವ್ಯಕ್ತಿಯ ಮುಖವನ್ನೇ ಒಮ್ಮೆಯೂ ನೋಡಿರದ ಹಾಗೆ.

ಮೈಸೂರಿನ ಅಗ್ರಹಾರದ ಒಂದು ಹಳೆಯ ಮನೆಯ ಅಕ್ಕ ತಮ್ಮಂದಿರೂ ಬಹುಕಾಲ ಇಂಥವರೇ ಆಗಿದ್ದರು. ಅವರು ಗುರು ಶನಿಗಳನ್ನು ಕಣ್ಣಾರೆ ಕಂಡದ್ದು 2020ರ ಡಿಸೆಂಬರಿನಲ್ಲಿ. ಆಗ ಅಕ್ಕನಿಗೆ 77, ತಮ್ಮನಿಗೆ 67. ಆದರೆ ಆ ಗ್ರಹಗಳಿಗೂ ಆ ಮನೆಗೂ ಇದ್ದ ವ್ಯವಹಾರ ಮಾತ್ರ ಐವತ್ತೆಂಟು ವರ್ಷಗಳಷ್ಟು ಹಳೆಯದು.

ಅದು 1962ರ ಫೆಬ್ರವರಿ. ಆ ತಿಂಗಳ 3ರಿಂದ 5ರವರೆಗೆ ಸೂರ್ಯ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಕೇತು ಈ ಎಂಟೂ ಮಕರ ರಾಶಿಯಲ್ಲಿ ಕೂಡುತ್ತವೆಂದು ಪಂಚಾಂಗಗಳು ಸಾರಿದ್ದವು. ಅಷ್ಟಗ್ರಹ ಕೂಟವೆಂಬ ಆ ಹೆಸರೇ ಸಾಕಾಗಿತ್ತು. ಭೂಮಿ ಬಿರಿಯುತ್ತದೆ, ಕಡಲು ಉಕ್ಕುತ್ತದೆ, ಲೋಕವೇ ಮುಳುಗುತ್ತದೆ ಎಂದು ಊರೂರುಗಳಲ್ಲಿ ಮಾತು ಹಬ್ಬಿತು. ದೇಶದ ಉದ್ದಗಲಕ್ಕೂ ಹೋಮಗಳು ನಡೆದವು. ಅಗ್ರಹಾರದ ಆ ಮನೆಯ ಅಜ್ಜಿಯೂ ಎಳ್ಳು, ಎಣ್ಣೆ, ಅಕ್ಕಿಗಳನ್ನು ದಾನ ಮಾಡಿ ಮುಗಿಸಿದರು. ಬಳಿಕ, ಪ್ರಳಯಕ್ಕೆ ಉಳಿಸಿ ಪ್ರಯೋಜನವೇನೆಂದು, ಮದುವೆಗಾಗಿ ಮಾಡಿಟ್ಟಿದ್ದ ಚಕ್ಕುಲಿಯ ಡಬ್ಬವನ್ನೂ ತೆಗೆದು ಮಕ್ಕಳ ಮುಂದಿಟ್ಟರು.

ಮದುವೆ ಅಕ್ಕನದು. ಮಾಘಮಾಸಕ್ಕೆ ನಿಶ್ಚಯವಾಗಿತ್ತು. ಜನವರಿಯ ಕೊನೆಯಲ್ಲಿ ಗಂಡಿನ ಕಡೆಯಿಂದ ಒಂದು ಕಾರ್ಡು ಬಂದಿತು. ಅಷ್ಟಗ್ರಹ ಕೂಟ ಕಳೆಯಲಿ, ಲೋಕ ಉಳಿದರೆ ಆಮೇಲೆ ನೋಡೋಣ ಎಂಬುದು ಅದರ ಸಾರಾಂಶ. ತಂದೆ ಅದನ್ನು ಎರಡು ಬಾರಿ ಓದಿ, ಪಂಚಾಂಗದ ಹಾಳೆಗಳ ನಡುವೆ ಇಟ್ಟರು.

ಲೋಕ ಉಳಿಯಿತು. 5ನೆಯ ತಾರೀಖು ಸೋಮವಾರ ಅಮಾವಾಸ್ಯೆ ಕಳೆಯಿತು. ಮಾರನೆಯ ದಿನ ಹಾಲಿನವನು ಎಂದಿನಂತೆ ಬಂದು, ಎಂದಿನಂತೆ ಹಾಲಿಗೆ ನೀರು ಬೆರೆಸಿಲ್ಲವೆಂದು ಆಣೆ ಇಟ್ಟನು. 19ರಿಂದ ದೇಶದ ಮೂರನೆಯ ಮಹಾಚುನಾವಣೆಯ ಮತದಾನವೂ ಪ್ರಾರಂಭವಾಯಿತು. ಉಳಿಯದೆ ಹೋದದ್ದು ಆ ಮದುವೆ ಒಂದೇ. ಗಂಡಿನ ಕಡೆಯವರು ಮತ್ತೆ ಬರೆಯಲಿಲ್ಲ. "ನಿಲ್ಲಿಸಿದವರು ಅವರು, ಅವರಾಗಿಯೇ ಬರೆಯಲಿ" ಎಂದು ತಂದೆ ಕುಳಿತರು. ವೈಶಾಖದಲ್ಲಿ ಆ ವರನಿಗೆ ಬೇರೆ ಕಡೆ ಮದುವೆಯಾದ ಸುದ್ದಿ ಬಂದಿತು. ಮುಂದೆ ಯಾವ ಸಂಬಂಧ ಬಂದರೂ, "ಅಷ್ಟಗ್ರಹಕ್ಕೆ ನಿಂತುಹೋದ ಹುಡುಗಿಯಲ್ಲವೆ?" ಎಂಬ ಪ್ರಶ್ನೆ ಅದಕ್ಕಿಂತ ಮುಂಚೆ ಬಂದಿರುತ್ತಿತ್ತು. ಅಕ್ಕ ಓದಿದಳು, ಹೈಸ್ಕೂಲಿನಲ್ಲಿ ಭೂಗೋಳದ ಉಪಾಧ್ಯಾಯಿನಿಯಾದಳು. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಸೂರ್ಯನ ಸುತ್ತ ವರ್ತುಲಗಳನ್ನೆಳೆದು, ಗ್ರಹಗಳನ್ನು ಅವುಗಳ ಸ್ಥಾನದಲ್ಲಿ ಕೂರಿಸಿ, ಗಂಟೆ ಹೊಡೆದೊಡನೆ ಎಲ್ಲವನ್ನೂ ಒರಸಿ ಹೊರಬರುತ್ತಿದ್ದಳು. 2001ರಲ್ಲಿ ನಿವೃತ್ತಿಯಾಗುವವರೆಗೂ ಇದು ಹೀಗೆಯೇ ನಡೆಯಿತು. ರಾತ್ರಿಯ ಆಕಾಶದ ಕಡೆ ಮಾತ್ರ ಅವಳು ತಲೆ ಎತ್ತಿದ್ದನ್ನು ಕಂಡವರಿಲ್ಲ.

ಇಷ್ಟೆಲ್ಲ ಮಾಡಿದ ಆ ಕೂಟವನ್ನು ಅಂದು ಕಣ್ಣಿನಿಂದ ನೋಡಲು ಯಾರಿಗೂ ಸಾಧ್ಯವಿರಲಿಲ್ಲ ಎಂಬುದೇ ದೊಡ್ಡ ವಿನೋದ. ಸೂರ್ಯನೂ ಅದೇ ರಾಶಿಯಲ್ಲಿದ್ದುದರಿಂದ ಉಳಿದ ಗ್ರಹಗಳೆಲ್ಲ ಅವನೊಡನೆಯೇ ಹುಟ್ಟಿ, ಹಗಲೆಲ್ಲ ಅವನ ಪ್ರಭೆಯಲ್ಲಿ ಮರೆಯಾಗಿ, ಅವನೊಡನೆಯೇ ಮುಳುಗುತ್ತಿದ್ದವು. ಚಂದ್ರನಿಗೆ ಅಮಾವಾಸ್ಯೆ. ಎಂಟನೆಯವನಾದ ಕೇತುವಂತೂ ಗೋಳವೇ ಅಲ್ಲ. ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಒಂದು ಬಿಂದು, ಅಷ್ಟೆ. ಚಂದ್ರನು ಆ ಬಿಂದುವಿನ ಬಳಿ ಇದ್ದುದರಿಂದ ಆಗ ಒಂದು ಸೂರ್ಯಗ್ರಹಣವೂ ಆಯಿತು. ಅದರ ದಟ್ಟ ನೆರಳು ಬಿದ್ದದ್ದು ದೂರದ ಪೆಸಿಫಿಕ್ ಸಾಗರದ ಕಡೆ. ಮೈಸೂರಿನವರು ಹೆದರಿದ್ದು ಬರಿಯ ಕಾಗದದ ಮೇಲಿನ ಕೂಟಕ್ಕೆ.

2020ರಲ್ಲಿ ಮಹಾಮಾರಿಯ ದೆಸೆಯಿಂದ ತಮ್ಮ ತನ್ನ ಹೆಂಡತಿಯೊಡನೆ ಬೆಂಗಳೂರಿನಿಂದ ಬಂದು ಹಳೆಯ ಮನೆಯಲ್ಲಿ ಉಳಿದನು. ಹೊರಗೆ ಹೋಗುವಂತಿಲ್ಲದ ಆ ದಿನಗಳಲ್ಲಿ ತಾರಸಿಯೊಂದೇ ಅವನಿಗೆ ವಿಹಾರಸ್ಥಳವಾಯಿತು. ಮೊಮ್ಮಗನ ದುರ್ಬೀನೊಂದು ಜೊತೆಗಿತ್ತು. ಗುರು ಶನಿಗಳು ದಿನದಿನಕ್ಕೂ ಸಮೀಪಿಸುತ್ತಿವೆ, ಡಿಸೆಂಬರ್ 21ರಂದು ಅತ್ಯಂತ ಹತ್ತಿರ ಬರುತ್ತವೆ ಎಂದು ಪತ್ರಿಕೆಯಲ್ಲಿ ಓದಿದ ಮೇಲೆ ಸಂಜೆಯಾದರೆ ಅವನು ಮನೆಯೊಳಗೆ ನಿಲ್ಲುತ್ತಿರಲಿಲ್ಲ. ನಕ್ಷತ್ರ ಮಿನುಗುತ್ತದೆ, ಗ್ರಹ ಹೆಚ್ಚಾಗಿ ಮಿನುಗುವುದಿಲ್ಲ ಎಂಬ ಮೊದಲ ಪಾಠವನ್ನು ಕಲಿತನು. ನಕ್ಷತ್ರ ಎಷ್ಟು ದೂರವೆಂದರೆ ಅದು ಬರಿಯ ಬಿಂದು. ಗಾಳಿಯ ಅಲುಗಾಟಕ್ಕೆ ಅದರ ಬೆಳಕು ನಡುಗುತ್ತದೆ. ಗ್ರಹವೋ ಸಣ್ಣದೊಂದು ಬಿಲ್ಲೆ. ಅಷ್ಟು ಸುಲಭವಾಗಿ ನಡುಗುವುದಿಲ್ಲ. ನೈರುತ್ಯದಲ್ಲಿ ಗುರು ಶನಿ, ನೆತ್ತಿಯ ಬಳಿ ಕೆಂಡದ ಬಣ್ಣದ ಕುಜ. ಕೆಲವೇ ದಿನಗಳಲ್ಲಿ ಮೂವರನ್ನೂ ಅವನು ಬೀದಿಯ ಪರಿಚಿತರಂತೆ ಗುರುತಿಸತೊಡಗಿದನು.

"ಅಕ್ಕಾ, ಮೇಲೆ ಬಂದು ಒಂದು ಸಲ ನೋಡು" ಎಂದು ದಿನವೂ ಕರೆಯುತ್ತಿದ್ದನು.

"ಅವರ ಸಹವಾಸ ನನಗೆ ಸಾಕಾಗಿದೆ ಕಣೋ" ಎಂದು ಅಕ್ಕ ಹುರುಳಿಕಾಯಿಯ ನಾರು ತೆಗೆಯುತ್ತ ಕುಳಿತಿರುತ್ತಿದ್ದಳು.

17ರ ಸಂಜೆ ಅದೇನು ತೋರಿತೋ, ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ತೆಂಗಿನ ಗರಿಗಳಾಚೆ ತದಿಗೆಯ ಚಂದ್ರನಿದ್ದನು. ಬೆಳಗಿದ ಕೊಡಿಯ ಮಡಿಲಿನಲ್ಲಿ ಅವನ ಉಳಿದ ಭಾಗವೂ ಬೂದುಬಣ್ಣವಾಗಿ ಕಾಣುತ್ತಿತ್ತು. ಅದು ಭೂಮಿಯ ಮೇಲೆ ಬಿದ್ದ ಬಿಸಿಲು ಚಂದ್ರನಿಗೆ ಮರಳಿ ಬಿದ್ದು ಬಂದ ಬೆಳಕು ಎಂಬುದನ್ನು ತಮ್ಮ ಹೇಳಬೇಕಾಗಲಿಲ್ಲ. ಅದು ಅವಳೇ ಹೇಳಿಕೊಟ್ಟಿದ್ದ ಪಾಠ. ಚಂದ್ರನ ಪಕ್ಕದಲ್ಲಿ, ಸ್ವಲ್ಪ ಅಂತರ ಬಿಟ್ಟು, ಎರಡು ಶಾಂತವಾದ ಚುಕ್ಕೆಗಳಿದ್ದವು. ಒಂದು ಪ್ರಕಾಶವಾದದ್ದು, ಇನ್ನೊಂದು ಮಂಕು.

"ಇವರೇ ಏನೋ?" ಎಂದಳು ಅಕ್ಕ. ಸ್ವಲ್ಪ ಹೊತ್ತು ನೋಡಿ, "ಇಷ್ಟು ಸಣ್ಣವರೇ?" ಎಂದಳು.

ಮರುದಿನದಿಂದ ಅವಳನ್ನು ಕರೆಯಬೇಕಾಗಲಿಲ್ಲ. ಚಂದ್ರನು ದಿನಕ್ಕೆ ಸುಮಾರು 13 ಡಿಗ್ರಿಗಳಷ್ಟು ಪೂರ್ವಕ್ಕೆ ಸರಿಯುವನೆಂಬುದನ್ನು ಎಷ್ಟೋ ತರಗತಿಗಳಿಗೆ ಬರೆಯಿಸಿದ್ದವಳು, ಅವನು ಗ್ರಹಗಳನ್ನು ಹಿಂದೆ ಬಿಟ್ಟು ದಿನದಿನಕ್ಕೂ ಮೇಲೇರುವುದನ್ನು ಮುಂಗೈ ಚಾಚಿ ಅಳೆಯುತ್ತ ನಿಲ್ಲುತ್ತಿದ್ದಳು. ಸೂರ್ಯ ಮುಳುಗಿ ಅರ್ಧ ಗಂಟೆಗೆ ತಾರಸಿ. ಎಂಟು ಗಂಟೆಯ ವೇಳೆಗೆ ಗ್ರಹಗಳು ಅಸ್ತವಾಗುವವರೆಗೂ ಅಲ್ಲಿಯೇ.

21ರ ಸಂಜೆ ಅವಳ ವಯಸ್ಸಾದ ಕಣ್ಣಿಗೆ ಅಲ್ಲಿ ಇದ್ದದ್ದು ಒಂದೇ ಚುಕ್ಕೆ. ದುರ್ಬೀನನ್ನು ತಾರಸಿಯ ಕೈಪಿಡಿ ಗೋಡೆಗೆ ಆನಿಸಿ ನೋಡಿದಾಗ ಅದು ಎರಡಾಯಿತು; ಅವುಗಳ ನಡುವಿನ ಅಂತರ ಚಂದ್ರನ ಅಗಲದ ಐದನೆಯ ಒಂದು ಪಾಲು. ಗುರುವಿನ ಪಕ್ಕದಲ್ಲಿ, ಗೆಲಿಲಿಯೊ 1610ರ ಜನವರಿಯಲ್ಲಿ ಕಂಡ ಉಪಗ್ರಹಗಳು ಸೂಜಿಮೊನೆಯಷ್ಟು ಬೆಳಕಾಗಿ ತೋರಿದವು. ಈ ಇಬ್ಬರೂ ಇಷ್ಟು ಹತ್ತಿರ ಬಂದು 1623ರಿಂದ ಈಚೆಗೆ ಅದೇ ಮೊದಲು. ಪಂಚಾಂಗದ ಲೆಕ್ಕದಲ್ಲಿ ಅವರು ಸೇರಿದ್ದು ಮಕರದಲ್ಲಿಯೇ. 1962ರಿಂದ ಅಲ್ಲಿಯವರೆಗೆ ಶನಿ ಸೂರ್ಯನನ್ನು ಎರಡು ಸುತ್ತು ಸುತ್ತಿದ್ದನು. ಗುರು ಹೆಚ್ಚುಕಡಮೆ ಐದು ಸುತ್ತು. ಹಳೆಯ ಜಾಗಕ್ಕೆ ಇಬ್ಬರೂ ಹಿಂದಿರುಗಿದ್ದರು. ಈ ಸಲ ಮಾತ್ರ ಸೂರ್ಯನು ಬದಿಗೆ ಸರಿದು ಅವರನ್ನು ಕಾಣಗೊಟ್ಟಿದ್ದನು.

ಅದನ್ನು ಹೇಳುತ್ತ ಹೇಳುತ್ತ ತಮ್ಮನ ಮಾತು ನಿಂತಿತು. ಬಳಿಕ, ಹೆಂಡತಿಗೂ ಹೇಳದ ಸಂಗತಿಯೊಂದನ್ನು ಹೇಳಿದನು. ಎಂಟು ವರ್ಷದ ಹುಡುಗನಾಗಿದ್ದಾಗ ಅವನನ್ನೂ ಹೋಮದ ಮುಂದೆ ಕೂರಿಸಿ, ಲೋಕಕ್ಕೆ ಕೇಡು ಬಾರದಿರಲೆಂದು ಬೇಡಿಕೋ ಎಂದಿದ್ದರು. ಅವನು ಲೋಕದ ಮಾತನ್ನೇ ಎತ್ತಿರಲಿಲ್ಲ. ಅಕ್ಕ ಮದುವೆಯಾಗಿ ಮನೆ ಬಿಟ್ಟು ಹೋಗದಿರಲಿ ಎಂದು ಎಂಟು ಗ್ರಹಗಳಿಗೂ ಒಂದೊಂದಾಗಿ ಕೈಮುಗಿದಿದ್ದನು.

"ಅದೇ ನಡೆಯಿತಲ್ಲ ಅಕ್ಕಾ" ಎಂದನು.

ಅಕ್ಕ ದುರ್ಬೀನನ್ನು ಕೆಳಗಿಳಿಸಲಿಲ್ಲ. "ಗುರು ಎಷ್ಟು ದೂರ ಅಂದೆ?"

"ಸುಮಾರು 88 ಕೋಟಿ ಕಿಲೋಮೀಟರ್. ಶನಿ ಅವನಿಗಿಂತ ಇನ್ನೂ 73 ಕೋಟಿ ಆಚೆ. ನೋಡುವುದಕ್ಕೆ ಒತ್ತಿಕೊಂಡ ಹಾಗಿದ್ದಾರೆ, ಅಷ್ಟೆ. ಗುರುವಿನ ಬೆಳಕು ಇಲ್ಲಿಗೆ ಬರಲು ಮುಕ್ಕಾಲು ಗಂಟೆಯ ಮೇಲೆ ಬೇಕು, ಶನಿಯದಕ್ಕೆ ಒಂದೂವರೆ ಗಂಟೆ."

"ಅಷ್ಟು ದೂರದವರಿಗೆ ನಿನ್ನ ಮಾತು ಕೇಳಿಸಿತೇನೋ ಪೆದ್ದೆ? ನಡುಮನೆಯಲ್ಲಿ ಕೂತಿದ್ದ ಅಪ್ಪನಿಗೆ, ಬಾಗಿಲ ಹಿಂದೆ ನಿಂತು, ಒಂದು ಸಲ ಹೋಗಿ ಕೇಳಿ ಬನ್ನಿ ಅಂತ ನಾನು ಅಂದದ್ದೇ ಕೇಳಿಸಲಿಲ್ಲ."

ಆ ಮಾತು ಐವತ್ತೆಂಟು ವರ್ಷ ಯಾರ ಕಿವಿಗೂ ಬಿದ್ದಿರಲಿಲ್ಲ. ತಮ್ಮ ಸುಮ್ಮನೆ ನಿಂತನು. ಅಕ್ಕನ ಧ್ವನಿಯಲ್ಲಿ ಕಹಿ ಇರಲಿಲ್ಲ. ಲೆಕ್ಕದಲ್ಲಿ ತಪ್ಪಿದ ಹುಡುಗನನ್ನು ತಿದ್ದುವಾಗಿನ ಧ್ವನಿ ಅದು. ಅಪ್ಪನ ಬಿಗುಮಾನ, ಒಂದು ಕಾರ್ಡು, ಕೇಳಿಸದೆ ಹೋದ ಒಂದು ಮಾತು, ಎಲ್ಲವೂ ಈ ಭೂಮಿಯ ಮೇಲಿನವೇ. ಅವನ್ನು ಆಕಾಶದ ಲೆಕ್ಕಕ್ಕೆ ಬರೆದಿಟ್ಟಿದ್ದರು, ಏಕೆಂದರೆ ಅಲ್ಲಿಂದ ಯಾರೂ ಇಳಿದು ಬಂದು ಅಲ್ಲವೆನ್ನುವುದಿಲ್ಲ.

ಗುರು ಶನಿಗಳು ಮತ್ತೆ ಸೇರುವುದು 2040ರಲ್ಲಿ. ಅಷ್ಟು ದೂರದ ಮಾತನ್ನು ಆ ಮನೆಯಲ್ಲಿ ಯಾರೂ ಆಡಲಿಲ್ಲ. ಆದರೆ ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ, ರಾಹುಕಾಲದ ಸಾಲಿನ ಕೆಳಗೆ, ಅಕ್ಕನ ಗುಂಡಗಿನ ಅಕ್ಷರ ಅಂದಿನಿಂದ ಕಾಣಿಸತೊಡಗಿತು. ಡಿಸೆಂಬರ್ 24ರ ಚೌಕದಲ್ಲಿ ಹೀಗೆ ಬರೆದಿತ್ತು: "ಹಾಲು ಅರ್ಧ ಲೀಟರು ಹೆಚ್ಚು. ಗುರು ಶನಿಯನ್ನು ದಾಟಿ ಮೇಲಕ್ಕೆ ಸರಿದಿದ್ದಾನೆ. ನಾನೇ ನೋಡಿದೆ."