ಬೇಸ್‌ಮೆಂಟಿನ ಬೆಂಕಿ

ಶಿಕಾಗೊದ ಪಶ್ಚಿಮಕ್ಕಿರುವ ಊರೊಂದರಲ್ಲಿ 1991ರಲ್ಲಿ ನಾವು ಕೊಂಡ ಮನೆ ಅರವತ್ತರ ದಶಕದ್ದು. ಬೇಸ್‌ಮೆಂಟಿನಲ್ಲಿದ್ದ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸೂ ಅದರ ಓರಗೆಯದೇ. ‘ಒಂದು ಚಳಿಗಾಲವೂ ಕೈಕೊಟ್ಟಿಲ್ಲ’ ಎಂದು ಮನೆ ಮಾರಿದ ವೃದ್ಧ ದಂಪತಿ ಹೆಮ್ಮೆಯಿಂದ ಹೇಳಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಓಡುತ್ತಿದೆ ಎಂದ ಮಾತ್ರಕ್ಕೆ ಫರ್ನೇಸ್ ನೆಟ್ಟಗಿದೆ ಎಂದಾಗುವುದಿಲ್ಲ. ಇದು ಆಗ ನಮ್ಮ ಬಳಗದಲ್ಲಿ ಯಾರಿಗೂ ಮನವರಿಕೆಯಾಗಿರಲಿಲ್ಲ.

ಅದರ ಮುಂದಿನ ತಗಡಿನ ಬಾಗಿಲು ತೆಗೆದರೆ ಒಳಗಿನದೆಲ್ಲ ಕಣ್ಣಿಗೆ ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಹಗಲೂ ರಾತ್ರಿ ಉರಿಯುವ ಪುಟ್ಟ ಪೈಲಟ್. ಅದರ ಉರಿಗೆ ತುದಿಯೊಡ್ಡಿ ನಿಂತ ಬೆರಳುದ್ದದ ಥರ್ಮೋಕಪಲ್. ಆ ಕಾವಿಗೆ ಹುಟ್ಟುವ ಕೆಲವೇ ಮಿಲಿವೋಲ್ಟ್ ವಿದ್ಯುತ್ತು ಗ್ಯಾಸ್ ವಾಲ್ವನ್ನು ತೆರೆದಿಡುತ್ತಿತ್ತು. ಪೈಲಟ್ ಆರಿದರೆ ವಾಲ್ವ್ ತಾನೇ ಮುಚ್ಚಿಕೊಳ್ಳಬೇಕು, ಅಷ್ಟೇ ಏರ್ಪಾಡು. ಜನವರಿಯ ಗಾಳಿ ಚಿಮಣಿಯಿಂದ ಕೆಳಗಿಳಿದು ಪೈಲಟ್ ಆರಿಸಿದಾಗ ಗುಂಡಿ ಒತ್ತಿ ಹಿಡಿದು, ಕಡ್ಡಿ ಗೀರಿ, ನಿಮಿಷದ ಮೇಲೆ ಕಾಯಬೇಕು. ‘ಭಾವಾ, ಪೈಲಟ್ ಆರಿಹೋಗಿದೆ, ಒಂಚೂರು ಬಂದು ಹೋಗ್ತೀರಾ?’ ಎಂಬ ಫೋನು ಬಂದರೆ ಬೆಂಕಿಪೊಟ್ಟಣ ಹಿಡಿದು ಕಾರು ಹತ್ತುತ್ತಿದ್ದೆ.

ಪೈಲಟ್ ಹಚ್ಚುವುದನ್ನು ಕಲಿತಷ್ಟು ಶ್ರದ್ಧೆಯಿಂದ ನಾವು ಬರ್ನರಿನ ಉರಿಯನ್ನು ನೋಡುವುದನ್ನು ಕಲಿಯಲಿಲ್ಲ. ನೋಡಬೇಕಾದದ್ದು ಅದನ್ನೇ. ಸರಿಯಾದ ಉರಿ ನೀಲಿ, ಒಂದೇ ಸಮ. ಅದು ಹಳದಿಗೆ ತಿರುಗಿ ಸೋಮಾರಿಯಾಗಿ ಅಲ್ಲಾಡುತ್ತಿದ್ದರೆ ಗ್ಯಾಸಿಗೆ ಸಾಕಷ್ಟು ಗಾಳಿ ಸಿಗುತ್ತಿಲ್ಲ. ಬಾಗಿಲಿನ ಅಂಚಿಗೆ ಮಸಿ ಹತ್ತುವುದೂ ಅದಕ್ಕೇ. ಇದಕ್ಕಿಂತ ಮುಖ್ಯವಾದ ಇನ್ನೊಂದಿದೆ. ಬರ್ನರ್ ಹೊತ್ತಿಕೊಂಡ ಸ್ವಲ್ಪ ಹೊತ್ತಿನ ಮೇಲೆ ಬಿಸಿಗಾಳಿಯನ್ನು ಮನೆಗೆ ತಳ್ಳುವ ಬ್ಲೋವರ್ ತಿರುಗತೊಡಗುತ್ತದೆ. ಅಲ್ಲಿಯವರೆಗೆ ನೆಟ್ಟಗಿದ್ದ ಉರಿ ಸರಿಯಾಗಿ ಆ ಕ್ಷಣಕ್ಕೆ ವಾಲಿದರೆ ಅಥವಾ ನಡುಗಿದರೆ ಹೀಟ್ ಎಕ್ಸ್‌ಚೇಂಜರ್ ಬಿರುಕುಬಿಟ್ಟಿರುವ ಸಂಭವ ಹೆಚ್ಚು. ಉರಿಯ ಹೊಗೆ ಒಳಗಡೆ, ಮನೆಗೆ ಹೋಗುವ ಗಾಳಿ ಹೊರಗಡೆ. ಎರಡರ ನಡುವೆ ಇರುವುದು ಆ ಲೋಹದ ತೆಳು ಗೋಡೆಯೊಂದೇ. ಚಳಿಗಾಲವಿಡೀ ಕಾಯುತ್ತ, ಆರುತ್ತ, ಹಿಗ್ಗಿ ಕುಗ್ಗುವ ಲೋಹ ಒಂದು ದಿನ ಬಾಗಿದ ಕಡೆಯೋ ಬೆಸುಗೆಯ ಕಡೆಯೋ ಸೀಳುತ್ತದೆ. ಫಿಲ್ಟರಿನಲ್ಲಿ ದೂಳು ಕಟ್ಟಿ ಗಾಳಿ ಕಡಿಮೆಯಾದರೆ ಲೋಹ ಇನ್ನಷ್ಟು ಕಾದು ಆ ದಿನ ಬೇಗ ಬರುತ್ತದೆ.

ಊರಿನಲ್ಲಿ ಬಚ್ಚಲೊಲೆಯ ಹೊಗೆ ಕಣ್ಣು ಉರಿಸಿ ತನ್ನ ಇರವನ್ನು ತಾನೇ ಸಾರುತ್ತಿತ್ತು. ಫರ್ನೇಸಿನ ಬಿರುಕಿನಿಂದ ಮನೆಗೆ ನುಸುಳಬಹುದಾದ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುವ ವಾಸನೆಯೂ ಬೆರೆಸಿದ್ದೇ. 1937ರಲ್ಲಿ ಟೆಕ್ಸಸ್‌ನ ನ್ಯೂ ಲಂಡನ್ ಶಾಲೆಯಲ್ಲಿ ಸೋರಿದ ಗ್ಯಾಸ್ ಸಿಡಿದು ಮುನ್ನೂರರಷ್ಟು ಜನ, ಬಹುಪಾಲು ಮಕ್ಕಳು, ಸತ್ತ ಮೇಲೆ ಕಾನೂನು ಮಾಡಿ ಬೆರೆಸಿದ ವಾಸನೆ ಅದು. ಉರಿದ ಗ್ಯಾಸಿನಿಂದ ಹುಟ್ಟುವ ವಿಷಕ್ಕೆ ಅಂಥ ಗುರುತೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಜನ ಸಾಯುತ್ತಿರುವುದೂ ಇದೇ ಅನಿಲದಿಂದ.

1993ರ ಚಳಿಗಾಲ. ಸ್ನೇಹಿತರೊಬ್ಬರ ಮನೆಗೆ ದಾವಣಗೆರೆಯಿಂದ ಅತ್ತೆಯವರು ಮಗಳ ಬಾಣಂತನಕ್ಕೆ ಬಂದಿದ್ದರು. ಬಾಣಂತಿಗೆ, ಕೂಸಿಗೆ ಶೀತವಾಗಬಾರದೆಂದು ಕಿಟಕಿ ಸಂದಿಗೂ ಬಟ್ಟೆ ತುರುಕಿ, ಥರ್ಮೋಸ್ಟಾಟ್ ಏರಿಸಿಟ್ಟಿದ್ದರು. ತಾಯಿಗೂ ಮಗಳಿಗೂ ದಿನವಿಡೀ ತಲೆನೋವು, ವಾಕರಿಕೆ. ಬೆಳಿಗ್ಗೆ ಆಫೀಸಿಗೆ ಹೋಗಿ ಸಂಜೆ ಬರುವ ಅಳಿಯನಿಗೆ ಏನೂ ಇಲ್ಲ. ಪ್ರಯಾಣದ ಆಯಾಸ, ಚಳಿ, ನೀರಿನ ವ್ಯತ್ಯಾಸ ಎಂದು ಎಲ್ಲರೂ ಸಮಾಧಾನ ಹೇಳಿದೆವು. ಕೊನೆಗೆ ಆಕೆಯೇ, ‘ಹೊರಗೆ ನಿಂತ್ರೆ ತಲಿ ಹಗೂರ ಆಕ್ಕತಪ್ಪ, ಒಳಗೆ ಬಂದ್ರೆ ಮತ್ತೆ ಭಾರ. ಇದು ಮನೀದೇ ಏನೋ ಐತಿ’ ಎಂದರು. ಗ್ಯಾಸ್ ಕಂಪನಿಗೆ ಫೋನು ಹೋಯಿತು. ಬಂದವನು ಬಾಗಿಲಲ್ಲೇ ಮೀಟರ್ ನೋಡಿ ಎಲ್ಲರನ್ನೂ ಹೊರಗೆ ಕಳಿಸಿದ. ಆಮೇಲೆ ಫರ್ನೇಸಿನ ವಾಲ್ವ್ ಮುಚ್ಚಿ ಕೆಂಪು ಚೀಟಿ ಕಟ್ಟಿದ. ಇಂಗ್ಲಿಷ್ ಬಾರದ, ಹಿಮವನ್ನೇ ಮೊದಲ ಸಲ ಕಂಡ ಆ ತಾಯಿ ಮೂವರ ಜೀವ ಉಳಿಸಿದರು. ಮನೆಯಲ್ಲಿದ್ದರೆ ನೋವು, ಹೊರಗೆ ಹೋದರೆ ಇಲ್ಲ: ಇದಕ್ಕಿಂತ ನಿಚ್ಚಳವಾದ ಲಕ್ಷಣವನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ.

ಮರುವರ್ಷ, 1994ರ ಅಕ್ಟೋಬರಿನಿಂದ, ಮನೆಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಇರಲೇಬೇಕೆಂದು ಶಿಕಾಗೊ ನಗರ ಕಾನೂನು ತಂದಿತು. ಅದು ನಗರದ ಗಡಿಯೊಳಗೆ ಮಾತ್ರ. ಇಲಿನಾಯ್ ರಾಜ್ಯಕ್ಕೆಲ್ಲ ಅನ್ವಯಿಸುವ ಕಾನೂನು ಜಾರಿಯಾದದ್ದು 2007ರಲ್ಲಿ.

ದಾವಣಗೆರೆಯ ಆ ತಾಯಿಯ ಮಾತು ಕೇಳಿದ ಮೇಲೆ ನಮ್ಮ ಫರ್ನೇಸನ್ನೂ ತೋರಿಸಿದೆವು. ಟೆಕ್ನಿಷಿಯನ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬ್ಲೋವರ್ ಹೊರಡುವವರೆಗೆ ಕಾದ. ಹೊರಟದ್ದೇ ಎಡಗಡೆಯ ಉರಿ ಹೊರಕ್ಕೆ ವಾಲಿತು. ಕನ್ನಡಿ, ಟಾರ್ಚು ಹಿಡಿದು ಕೂದಲೆಳೆಯ ಬಿರುಕನ್ನೂ ತೋರಿಸಿದ. ಅಲ್ಲಿಗೆ ಚರ್ಚೆ ಮುಗಿಯಿತು. ಹೊಸದಕ್ಕೆ ಪೈಲಟ್ ಇರಲಿಲ್ಲ. ಹಳೆಯದು ಸುಟ್ಟ ಗ್ಯಾಸಿನ ಮೂರನೇ ಒಂದು ಭಾಗದಷ್ಟು ಶಾಖವನ್ನು ಚಿಮಣಿಗೆ ಕಳಿಸುತ್ತಿದ್ದರೆ, ಹೊಸದು ಶೇಕಡ 90ಕ್ಕೂ ಹೆಚ್ಚನ್ನು ಮನೆಗೇ ಕೊಡುತ್ತಿತ್ತು. ಅದರ ಹೊಗೆ ಎಷ್ಟು ತಣ್ಣಗೆಂದರೆ ಪ್ಲಾಸ್ಟಿಕ್ ಪೈಪಿನಲ್ಲಿ ಗೋಡೆಯಿಂದಾಚೆ ಹೋಗುತ್ತಿತ್ತು. ಹಾಗಾಗಿ ದೊಡ್ಡ ಚಿಮಣಿಗೆ ವಾಟರ್ ಹೀಟರ್ ಒಂದೇ ಉಳಿಯಿತು. ಅಷ್ಟು ಅಗಲದ ತಣ್ಣನೆಯ ಚಿಮಣಿಯಲ್ಲಿ ಅದರ ಅಲ್ಪ ಹೊಗೆ ಮೇಲೇರದೆ ಮನೆಗೇ ಹಿಂತಿರುಗಬಹುದು ಎಂದು ಟೆಕ್ನಿಷಿಯನ್ ಒಳಗೆ ಸಣ್ಣ ಲೈನರ್ ಇಳಿಸಿದ. ಇದನ್ನು ಇಂದಿಗೂ ಎಷ್ಟೋ ಮನೆಗಳಲ್ಲಿ ಮರೆಯುತ್ತಾರೆ.

ಹಳೆಯ ಫರ್ನೇಸಿನ ಬಗ್ಗೆ ‘ಆಗಿನ ಗಟ್ಟಿತನ ಈಗೆಲ್ಲಿ’ ಎನ್ನುವವರಿದ್ದಾರೆ. ಗಟ್ಟಿ ಇದ್ದದ್ದು ನಿಜ. ಅದೇ ಗಟ್ಟಿತನದಿಂದ ಅದು ಒಡೆದ ಮೇಲೂ ಉರಿಯುತ್ತಿತ್ತು. ಈಗಿನದು ಸಣ್ಣ ಕಾರಣಕ್ಕೂ ನಿಲ್ಲುತ್ತದೆ, ಯಾಕೆ ನಿಂತೆನೆಂದು ಬಾಗಿಲ ಹಿಂದಿನ ಪುಟ್ಟ ದೀಪವನ್ನು ಮಿಟುಕಿಸಿ ತಿಳಿಸುತ್ತದೆ. 2019ರ ಜನವರಿ 30ರಂದು ಶಿಕಾಗೊದಲ್ಲಿ ಮೈನಸ್ 23 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 31 ಸೆಲ್ಸಿಯಸ್‌ಗೆ ಇಳಿದಾಗ ನಮ್ಮದು ನಿಂತದ್ದು ಹೊರಗಿನ ಪೈಪಿನ ಬಾಯಿಗೆ ಮಂಜುಗಡ್ಡೆ ಕಟ್ಟಿದ್ದರಿಂದ. ಅದನ್ನು ತಟ್ಟಿ ಉದುರಿಸಿದ ಮೇಲೆ ಮತ್ತೆ ಹೊತ್ತಿಕೊಂಡಿತು.

ಅಂದು ಜನ ತಡ ಮಾಡಿ ಬದಲಿಸುತ್ತಿದ್ದರು, ಇಂದು ಆತುರದಲ್ಲಿ ಬದಲಿಸುತ್ತಿದ್ದಾರೆ. ನೇಪರ್‌ವಿಲ್‌ನ ಕನ್ನಡದ ಹುಡುಗಿಯೊಬ್ಬಳು ಫೋನು ಮಾಡಿ, ‘ಅಂಕಲ್, ಹೀಟ್ ಬರ್ತಿಲ್ಲ. ಬಂದವರು ಇದನ್ನ ತೆಗೆದು ಹೊಸದೇ ಹಾಕಿಸಿ ಅಂತಿದ್ದಾರೆ’ ಎಂದಳು. ‘ಎಷ್ಟು ವರ್ಷದ್ದಮ್ಮಾ?’ ‘ಹನ್ನೊಂದು.’ ಹೋಗಿ ನೋಡಿದರೆ ಬರ್ನರ್ ಹೊತ್ತಿಕೊಳ್ಳುತ್ತಿತ್ತು, ಕೆಲವು ಸೆಕೆಂಡಿಗೆ ಆರುತ್ತಿತ್ತು, ಮತ್ತೆ ಹೊತ್ತುತ್ತಿತ್ತು, ಕೊನೆಗೆ ಸುಮ್ಮನಾಗುತ್ತಿತ್ತು. ಉರಿಯೊಳಗೆ ನಿಲ್ಲುವ ಪೆನ್ಸಿಲಿಗಿಂತ ಸಪುರದ ಕಡ್ಡಿಯೇ ಫ್ಲೇಮ್ ಸೆನ್ಸರ್. ಉರಿ ಇದೆಯೆಂದು ಅದು ಉರಿಯ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ತಿನಿಂದ ತಿಳಿಯುತ್ತದೆ. ಕಡ್ಡಿಗೆ ಬಿಳಿಯ ಪೊರೆ ಕಟ್ಟಿದರೆ ಆ ವಿದ್ಯುತ್ತು ಹರಿಯದು, ಸುರಕ್ಷತೆಗಾಗಿ ಗ್ಯಾಸ್ ನಿಲ್ಲುತ್ತದೆ. ಕರೆಂಟು, ಗ್ಯಾಸು ಎರಡನ್ನೂ ಬಂದ್ ಮಾಡಿ, ಒಂದು ಸ್ಕ್ರೂ ಬಿಚ್ಚಿ, ನಯವಾದ ಉಕ್ಕಿನ ನಾರಿನಿಂದ ಕಡ್ಡಿ ಉಜ್ಜಿ ಹಾಕಿದೆವು. ಆ ಫರ್ನೇಸ್ ಈಗಲೂ ಓಡುತ್ತಿದೆ.

ರಿಪೇರಿಯ ಖರ್ಚನ್ನು ಯಂತ್ರದ ವಯಸ್ಸಿನಿಂದ ಗುಣಿಸಿ, 5000 ಡಾಲರ್ ಮೀರಿದರೆ ಹೊಸದು ಎಂಬ ಲೆಕ್ಕವನ್ನು ಕಸುಬಿನವರು ಹೇಳುತ್ತಾರೆ. ನನಗದು ಒಪ್ಪಿಗೆಯಿಲ್ಲ. ಹನ್ನೆರಡು ವರ್ಷದ ಯಂತ್ರಕ್ಕೆ 450 ಡಾಲರಿನ ಮೋಟರ್ ಹಾಕಿಸುವುದೂ ಆ ಲೆಕ್ಕದಲ್ಲಿ ದಂಡ. ಇಗ್ನೈಟರ್, ಸೆನ್ಸರ್, ಪ್ರೆಶರ್ ಸ್ವಿಚ್, ಹೊಗೆ ಎಳೆಯುವ ಮೋಟರ್ ಇವೆಲ್ಲ ಸವೆಯುವ ಸಾಮಾನುಗಳು. ಬದಲಿಸಿ ಮುಂದೆ ಸಾಗಬೇಕು. ಹೀಟ್ ಎಕ್ಸ್‌ಚೇಂಜರ್ ಸೀಳಿದ್ದರೆ, ಅದರ ವಾರಂಟಿಯೂ ಮುಗಿದಿದ್ದರೆ, ಯಾರ ಸಲಹೆಗೂ ಕಾಯದೆ ಹೊಸದು ತರಬೇಕು. ಸೀಳಿದೆ ಎಂದವರು ಕ್ಯಾಮೆರಾದಲ್ಲಿ ಅದನ್ನು ತೋರಿಸಲಿ. ತೋರಿಸಲು ಹಿಂಜರಿದರೆ ಫರ್ನೇಸ್ ಆರಿಸಿ, ಅದೇ ದಿನ ಇನ್ನೊಬ್ಬರನ್ನು ಕರೆಸಬೇಕು. ಹದಿನೈದು, ಇಪ್ಪತ್ತು ವರ್ಷ ದಾಟಿದ್ದಕ್ಕೆ ಒಂದರ ಹಿಂದೊಂದು ಕಾಯಿಲೆ ಬರುತ್ತಿದ್ದರೆ ಅಕ್ಟೋಬರಿನೊಳಗೆ ನಿರ್ಧರಿಸುವುದು ಲೇಸು. ಜನವರಿಯ ನಡುರಾತ್ರಿ ಯಾರಿಗೂ ಆಯ್ಕೆ ಉಳಿಯುವುದಿಲ್ಲ.

ಈಗಲೂ ಯಾರದಾದರೂ ಗೃಹಪ್ರವೇಶಕ್ಕೆ ಹೋದರೆ ಮಲಗುವ ಕೋಣೆಯ ಬಳಿಯ ಕಾರ್ಬನ್ ಮೊನಾಕ್ಸೈಡ್ ಅಲಾರಾಂ ತೆಗೆದು ಬೆನ್ನು ನೋಡುತ್ತೇನೆ. ತಯಾರಾದ ದಿನಾಂಕ ಅಲ್ಲಿರುತ್ತದೆ. ಒಳಗಿನ ಸೆನ್ಸರ್ ಮಾದರಿಗೆ ತಕ್ಕಂತೆ ಐದರಿಂದ ಹತ್ತು ವರ್ಷ ಬಾಳುತ್ತದೆ, ಆಮೇಲೆ ಅದು ಗೋಡೆಯ ಮೇಲಿದ್ದೂ ಇಲ್ಲದಂತೆ. ಟೆಸ್ಟ್ ಗುಂಡಿ ಒತ್ತಿ ಕೂಗಿಸಿದರೆ ಬ್ಯಾಟರಿ, ಗಂಟೆ ಸರಿಯಿವೆ ಎಂದು ಗೊತ್ತಾಗುತ್ತದೆಯೇ ಹೊರತು ಸೆನ್ಸರಿಗೆ ಜೀವವಿದೆಯೆಂದಲ್ಲ.